ಆಷಾಢದ ತೇವ ಮತ್ತು ನನ್ನ ಹೆಕ್ಸೇನ್

ನೇರ ಸರಪಳಿಯ ಹೆಕ್ಸೇನನ್ನು ಪೆಟ್ರೋಲಿಗೆ ಒಗ್ಗುವಂತೆ ಕವಲೊಡೆಸುವ ಕ್ಯಾಟಲಿಸ್ಟ್ (ಕ್ರಿಯೆಗೆ ವೇಗ ಕೊಡುವ ವಸ್ತು) ಸಲ್ಫೇಟೆಡ್ ಜಿರ್ಕೋನಿಯಾ, ಅಂದರೆ ಸಲ್ಫೇಟ್ ರೂಪದ ಗಂಧಕ ಹಿಡಿಸಿದ ಜಿರ್ಕೋನಿಯಮ್ ಆಕ್ಸೈಡ್, ಸಣ್ಣ ಶೆಡ್ಡಿನವರ ಕೈಗೆ ಬಗ್ಗುವುದಲ್ಲ, ಒಂದೇ ದಿನದಲ್ಲಿ ಸತ್ತುಹೋಗುತ್ತದೆ, ಮಾರ್ಡಿನೈಟ್ ಎಂಬ ಖನಿಜದ ಕ್ಯಾಟಲಿಸ್ಟ್ ಹಾಕಿಕೊಂಡು ನೆಮ್ಮದಿಯಾಗಿರಿ ಎಂದು ಬಲ್ಲವರೆಲ್ಲ ಹೇಳಿದ್ದರು. ಮೈಸೂರಿನ ಹೂಟಗಳ್ಳಿಯಲ್ಲಿರುವ ನನ್ನ ಪುಟ್ಟ ರಿಯಾಕ್ಟರಿನಲ್ಲಿ ಅದು ಈಗ ಇನ್ನೂರು ಗಂಟೆ ದಾಟಿದೆ.

ಮಾರ್ಡಿನೈಟ್ ಕೆಲಸ ಮಾಡಲು 250 ಡಿಗ್ರಿ ಮೀರಬೇಕು. ಬಿಸಿ ಹೆಚ್ಚಿದಷ್ಟೂ ಎರಡು ಕವಲಿನ ಅಣುಗಳು ಕಡಿಮೆ, ಆಕ್ಟೇನ್ (ಎಂಜಿನ್ನಿನಲ್ಲಿ ಬಡಿತವಿಲ್ಲದೆ ಉರಿಯುವ ಗುಣದ ಅಂಕ) ಹೆಚ್ಚಿರುವುದೋ ಅವುಗಳಲ್ಲೇ. ನೇರ ಹೆಕ್ಸೇನಿಗೆ ಸುಮಾರು 25, ಒಂದು ಕವಲಿನ ಮೀಥೈಲ್‌ಪೆಂಟೇನಿಗೆ 74ರ ಆಸುಪಾಸು, ಎರಡು ಕವಲಿನ 2,2-ಡೈಮೀಥೈಲ್‌ಬ್ಯೂಟೇನಿಗೆ 92. ಕ್ಲೋರೈಡ್ ಹಿಡಿಸಿದ ಅಲ್ಯುಮಿನಾ ಎಂಬ ಇನ್ನೊಂದು ಕ್ಯಾಟಲಿಸ್ಟ್ 150ರಲ್ಲೇ ಓಡುತ್ತದೆ, ಆದರೆ ಅದಕ್ಕೆ ಸದಾ ಕ್ಲೋರಿನ್ ಉಣಿಸುತ್ತಿರಬೇಕು. ಅದರಿಂದ ಹುಟ್ಟುವ ಆಮ್ಲದ ಸಹವಾಸ ನನಗೆ ಬೇಡವಾಗಿತ್ತು.

ಮೊದಲ ಮೂರು ಬ್ಯಾಚ್‌ಗಳು ಹಾಳಾದವು. ಒಂದರಲ್ಲಿ ಕ್ಲೋರೈಡ್ ಪೂರ್ತಿ ತೊಳೆದಿರಲಿಲ್ಲ. ಇನ್ನೊಂದನ್ನು 750 ಡಿಗ್ರಿಗೆ ಸುಟ್ಟೆ, ಗಂಧಕವೆಲ್ಲ ಹಾರಿಹೋಯಿತು. ಮೂರನೆಯದು ಕುಲುಮೆಯಲ್ಲಿದ್ದಾಗ ವಿದ್ಯುತ್ ಹೋಯಿತು. ನಾಲ್ಕನೆಯದು, 620 ಡಿಗ್ರಿಯಲ್ಲಿ ಮೂರು ಗಂಟೆ ಸುಟ್ಟಿದ್ದು, ಮಾರ್ಚಿನಲ್ಲಿ ಸೊಗಸಾಗಿ ಓಡಿತು. ಅದೇ ಜಾಡಿಯ ಪುಡಿಯನ್ನು ಆಷಾಢದಲ್ಲಿ ತುಂಬಿದೆ. ನೂರರಲ್ಲಿ ಐದೂ ಬದಲಾಗಲಿಲ್ಲ.

ದೋಷ ಪುಡಿಗೆ ಬೆರೆಸಿದ್ದ ಪ್ಲಾಟಿನಮ್‌ನದೆಂದುಕೊಂಡೆ. ಪ್ಲಾಟಿನಮ್ ಲವಣಕ್ಕೆ ಮತ್ತೆ ನಲವತ್ತು ಸಾವಿರ ಸುರಿದೆ, ಮನೆಯವರ ಹೆಸರಿನ ಠೇವಣಿಯನ್ನು ಮುರಿಸಿದೆ. ಅಷ್ಟು ಹೊತ್ತಿಗೆ ಒಟ್ಟು ಖರ್ಚು ಮೂರು ಲಕ್ಷದ ಹತ್ತಿರ. ಒಂದು ರಾತ್ರಿ ಹತ್ತು ಗ್ರಾಂ ಪುಡಿ ತಟ್ಟೆಯಲ್ಲಿ ತೆರೆದೇ ಉಳಿದಿತ್ತು. ಬೆಳಿಗ್ಗೆ ತೂಗಿದರೆ ಅರ್ಧ ಗ್ರಾಂಗೂ ಹೆಚ್ಚು ಏರಿದೆ! ಜಡಿಮಳೆಯ ಗಾಳಿಯಿಂದ ಅದು ನೀರು ಕುಡಿದಿತ್ತು. ತುಂಬುವ ಹತ್ತು ನಿಮಿಷದಲ್ಲೇ ನನ್ನ ಕ್ಯಾಟಲಿಸ್ಟ್ ಕೆಡುತ್ತಿತ್ತು.

ಈಗ ತುಂಬಿದ ಮೇಲೆ ರಿಯಾಕ್ಟರಿನೊಳಗೇ ಒಣ ಗಾಳಿಯಲ್ಲಿ 450 ಡಿಗ್ರಿಗೆ ಮೂರು ಗಂಟೆ ಒಣಗಿಸುತ್ತೇನೆ. ತಣಿಸಿ, ನೈಟ್ರೋಜನ್ನಿನಿಂದ ಗಾಳಿಯನ್ನೆಲ್ಲ ಹೊರಹಾಕಿ, ಆಮೇಲೆ 200 ಡಿಗ್ರಿ ಚಿಲ್ಲರೆಯಲ್ಲಿ ಹೈಡ್ರೋಜನ್ ಕೊಡುತ್ತೇನೆ. ಅಲ್ಲಿ ಬಿಸಿ ಹೆಚ್ಚಾದರೆ ಗಂಧಕ ಕೊಳೆತ ಮೊಟ್ಟೆಯ ವಾಸನೆಯಾಗಿ ಹೊರಡುತ್ತದೆ. ಬಿಸಿಯನ್ನು ಎಷ್ಟು ನಿಧಾನವಾಗಿ, ಎಲ್ಲೆಲ್ಲಿ ನಿಲ್ಲಿಸಿ ಏರಿಸುತ್ತೇನೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಹೆಕ್ಸೇನನ್ನೂ ತೇವ ಹೀರುವ ಆಣ್ವಿಕ ಜರಡಿಯ ಮೂಲಕ ಹಾಯಿಸಿಯೇ ಬಿಡುತ್ತೇನೆ.

190 ಡಿಗ್ರಿ, 20 ಬಾರ್ ಒತ್ತಡ, ಹೆಕ್ಸೇನಿನ ಮೂರು ಪಟ್ಟು ಹೈಡ್ರೋಜನ್: ನೂರರಲ್ಲಿ ಎಂಬತ್ತು ಕವಲೊಡೆದವು, ಅದರಲ್ಲಿ ಇಪ್ಪತ್ತು 2,2. ಒಡೆದು ಪ್ರೊಪೇನ್, ಬ್ಯೂಟೇನ್ ಆದದ್ದು ಎರಡರೊಳಗೆ. ಮಿಶ್ರಣದ ಅಣುಗಳನ್ನು ಬೇರ್ಪಡಿಸಿ ತೋರಿಸುವ ಕ್ರೊಮ್ಯಾಟೋಗ್ರಾಫಿನ ಹಾಳೆಯಲ್ಲಿ ಹೆಕ್ಸೇನ್ ಬಳಗದ ಎಲ್ಲರಿಗಿಂತ ಮೊದಲು ಆ 2,2ರ ಶಿಖರ ಎದ್ದಾಗ, ಅನುಮಾನಪಟ್ಟಿದ್ದ ಇಬ್ಬರನ್ನು ಕರೆದು ತೋರಿಸಿದೆ. ನಡುವೆ ಒಮ್ಮೆ ಹೈಡ್ರೋಜನ್ ಸಿಲಿಂಡರ್ ಖಾಲಿಯಾಗಿ, ಇಪ್ಪತ್ತು ನಿಮಿಷದಲ್ಲಿ ಇಂಗಾಲ ಕಟ್ಟಿ, ಇಳುವರಿ ಅರ್ಧಕ್ಕಿಳಿಯಿತು. ಗಾಳಿಯಲ್ಲಿ ಸುಟ್ಟು ಮರಳಿ ತಂದೆ.

ಮಂಡ್ಯದ ಕಡೆ ತೌಡಿನ ಎಣ್ಣೆ ತೆಗೆಯಲು ಬಳಸುವ ಹೆಕ್ಸೇನನ್ನೂ ಒಂದು ಕ್ಯಾನ್ ತಂದು ಓಡಿಸಿದೆ. ಅದರಲ್ಲಿರುವ ಉಂಗುರದ ಅಣುಗಳು ಕ್ಯಾಟಲಿಸ್ಟಿನ ಆಮ್ಲದ ಜಾಗ ಹಿಡಿದು ಕೂರುತ್ತವೆ, ಎಂಬತ್ತು ಅರವತ್ತೈದಕ್ಕೆ ಬಿತ್ತು. ಆದರೆ ಒಡೆಯುವಿಕೆ ಇನ್ನೂ ತಗ್ಗಿತು, ಅದು ಸಣ್ಣ ಲಾಭವಲ್ಲ. ಶುದ್ಧ ಹೆಕ್ಸೇನಿನಿಂದ ಬಂದದ್ದನ್ನು ನೇರ ಅಣುಗಳಷ್ಟೇ ಒಳಗೆ ನುಸುಳಬಲ್ಲ 5ಎ ಆಣ್ವಿಕ ಜರಡಿಗೆ ಹಾಯಿಸಿ, ಉಳಿದ ನೇರ ಸರಪಳಿಯನ್ನು ಹಿಡಿದಿಟ್ಟೆ. ಹಾಳೆಯ ಲೆಕ್ಕದಲ್ಲಿ 70ರಷ್ಟಿದ್ದ ಆಕ್ಟೇನ್ 80 ದಾಟಿತು. ಹಿಡಿದಿಟ್ಟದ್ದನ್ನು ಬಿಡಿಸಿ ಮತ್ತೆ ರಿಯಾಕ್ಟರಿಗೆ ಕಳಿಸುವ ಪೈಪಿನ ಕೆಲಸ ಈ ವಾರ ನಡೆಯುತ್ತಿದೆ.