ಪಾರ್ಚ್‌ಮೆಂಟ್ ಕಾಫಿಗೆ ಮುಗ್ಗಲು ವಾಸನೆ ಬರ್ತಿತ್ತು, ಹೀಗೆ ಸರಿಹೋಯ್ತು

ತಾಳವಾಡಿ ಕಡೆ ಬೆಟ್ಟದ ಮೇಲೆ ನಮ್ದು ಸಣ್ಣ ತೋಟ, ಅರೇಬಿಕಾ ಜಾತಿ ಕಾಫಿ. ಪಲ್ಪ್ ಮಾಡಿ (ಹಣ್ಣಿನ ಹೊರಸಿಪ್ಪೆ ತೆಗೆದು) ತೊಳೆದು ಒಣಗಿಸಿದ ಪಾರ್ಚ್‌ಮೆಂಟ್, ಅಂದ್ರೆ ಒಳಸಿಪ್ಪೆ ಇರೋ ಕಾಳು, ನೋಡೋಕೆ ಚೆನ್ನಾಗೇ ಇರೋದು, ಹುರಿದು ಕುಡಿದ್ರೆ ಮಾತ್ರ ಮುಗ್ಗಲು. ಕಾಳಿಗೆ ಅಂಟಿರೋ ಲೋಳೆ ಬಿಡೋಕೆ ಇಡೋ ಟೈಮ್ ಕಮ್ಮಿ ಮಾಡಿದ್ವಿ, ಜಾಸ್ತಿ ನೀರಲ್ಲಿ ತೊಳೆದ್ವಿ, ಹೊಸ ಗೋಣಿಚೀಲ ತಂದ್ವಿ, ಯಾವ್ದೂ ಕೆಲ್ಸಕ್ಕೆ ಬರ್ಲಿಲ್ಲ. ನೆಲಕ್ಕೆ ಹಾಸಿದ ಟಾರ್ಪಾಲಲ್ಲಿ ಅಡಿ ಕಾಳು ಬೆವರ್ತಿತ್ತು, ವಾಸನೆ ಅಲ್ಲಿಂದ.

ಸೊಂಟದೆತ್ತರಕ್ಕೆ ಬಿದಿರಿನ ಅಟ್ಟ ಕಟ್ಟಿ ಮೇಲೆ ನೈಲಾನ್ ಬಲೆ ಎಳೆದ್ವಿ, ಗಾಳಿ ಕೆಳಗಿಂದಾನೂ ಆಡ್ಬೇಕು, ಅದೇ ಮುಖ್ಯ. ಮೇಲಿನ ನೀರು ಆರೋವರೆಗೂ ಒಂದೇ ಕಾಳಿನ ದಪ್ಪ ಹರಡಿ, ಆಮೇಲೆ 2-3 ಸೆಂ.ಮೀ., ಗಂಟೆಗೊಂದ್ಸಲ ಕೈಯಾಡಿಸ್ತಾ ಇರಿ. ಮಧ್ಯಾಹ್ನ 12ರಿಂದ 3ರವರೆಗೆ ನೆರಳುಬಲೆ ಹಾಕಿ, ಇಲ್ಲಾಂದ್ರೆ ಬಿಸಿಲಿಗೆ ಸಿಪ್ಪೆ ಚಟಪಟ ಅಂತ ಬಿರಿದು ಒಳಗಿನ ಬೇಳೆ ಕಾಣುತ್ತೆ. ಸಂಜೆ ಇಬ್ಬನಿ ಬೀಳೋಕೆ ಮುಂಚೆ ಮುಚ್ಚಿ, ಆದ್ರೆ ಪ್ಲಾಸ್ಟಿಕ್ ಕಾಳಿಗೆ ತಾಗಬಾರ್ದು, ಕೋಲು ಕೊಟ್ಟು ಎತ್ತರಿಸಿ.

ಚೀಲ ತುಂಬೋದು ಮೀಟರಲ್ಲಿ ತೇವ 10-11% ಬಂದ್ಮೇಲೆ. ಬಿಸಿ ಕಾಳಿಗೆ ಮೀಟರ್ ತಪ್ಪು ತೋರ್ಸುತ್ತೆ, ಬೆಳಗ್ಗೆ ತಣ್ಣಗಿದ್ದಾಗ ಅಟ್ಟದ ನಾಲ್ಕೈದು ಜಾಗದಿಂದ ತೆಗೆದು ನೋಡಿ. ಚೀಲ ಹಲಗೆ ಮೇಲಿಡಿ, ಗೋಡೆಗೆ ಒರಗಿಸ್ಬೇಡಿ.