ಒಂದು ಪಾರಿವಾಳದ ಎಲುಬು ಬಿಡಿಸುವ ಬಗೆ: ಅಳಿದುಹೋದ ದ್ವೀಪದ ಬೆಳವಗಳನ್ನು ಓದಲು

ದಕ್ಷಿಣ ಅಟ್ಲಾಂಟಿಕ್‌ನ ಸೇಂಟ್ ಹೆಲೆನಾ ದ್ವೀಪದಲ್ಲಿದ್ದ ಒಂದು ಬೆಳವ ಇಂದು ಎಲುಬಾಗಿ ಮಾತ್ರ ಉಳಿದಿದೆ. ಅದನ್ನು ಜೀವಂತ ಕಂಡು ಬರೆದಿಟ್ಟವರಿಲ್ಲ. 1975ರಲ್ಲಿ ಅಮೆರಿಕದ ಪಕ್ಷಿಶಾಸ್ತ್ರಜ್ಞ ಸ್ಟಾರ್ಸ್ ಓಲ್ಸನ್ ಅದಕ್ಕೆ ಡಿಸ್ಮೊರೊಪೀಲಿಯಾ ಎಂಬ ಕುಲನಾಮ (ಜೀನಸ್) ಕೊಟ್ಟದ್ದು ಎಲುಬುಗಳ ಆಧಾರದ ಮೇಲೆಯೇ. ಇಂಥ ಎಲುಬನ್ನು ಓದಬೇಕಾದರೆ ಗೊತ್ತಿರುವ ಹಕ್ಕಿಯ ಎಲುಬು ಪಕ್ಕದಲ್ಲಿರಬೇಕು. ಬಾಗಲಕೋಟೆ, ವಿಜಯಪುರದ ಪ್ರಾಣಿಶಾಸ್ತ್ರ ವಿದ್ಯಾರ್ಥಿಗಳಿಗೆ ಅದು ಸಿಗುವುದು ಪಾರಿವಾಳ ಸಾಕುವವರ ಮಾಳಿಗೆಯ ಮೇಲೆ.

ಸಾಕಿದ, ತಾನಾಗಿ ಸತ್ತ, ಪೂರ್ಣ ಬೆಳೆದ ಪಾರಿವಾಳವನ್ನಷ್ಟೇ ತೆಗೆದುಕೊಳ್ಳಿ. ಹೊಲದ ಬೆಳವವನ್ನು ಮುಟ್ಟಬೇಡಿ. ಕಾಡುಹಕ್ಕಿಗಳಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ. ಗೂಡಿನಲ್ಲಿ ಒಟ್ಟಿಗೆ ಹಲವು ಹಕ್ಕಿ ಸತ್ತಿದ್ದರೆ ಹಕ್ಕಿಜ್ವರವೂ ಇರಬಹುದು, ಪಶು ಆಸ್ಪತ್ರೆಗೆ ತಿಳಿಸಿ ದೂರವಿರಿ. ಕೆಲಸಕ್ಕೆ ಕೈಗವಸು, ಮಾಸ್ಕ್ ಎರಡೂ ಬೇಕು. ಮರಿಹಕ್ಕಿ ಬೇಡ: ಅದರ ಎಲುಬಿನ ತುದಿಗಳು ಇನ್ನೂ ಮೃದ್ವಸ್ಥಿಯಾಗಿದ್ದು ಕೊಳೆತು ಹೋಗುತ್ತವೆ, ಅಳತೆ ತಪ್ಪುತ್ತದೆ.

ಮೊದಲು ತೂಕ ಬರೆದುಕೊಳ್ಳಿ. ಗರಿ, ಚರ್ಮ, ಕರುಳು ತೆಗೆಯಿರಿ. ಹೊಟ್ಟೆ ತೆರೆದಾಗಲೇ ಗಂಡೋ ಹೆಣ್ಣೋ ನೋಡಿಕೊಳ್ಳಿ, ಆಮೇಲೆ ಗೊತ್ತಾಗದು. ಎದೆಯ ಮಾಂಸ ಬಿಡಿಸುವಾಗ ಚಾಕು ಎದೆಯೆಲುಬಿನ ನಡುವೆ ಎದ್ದುನಿಂತ ಅಂಚಿಗೆ, ಅಂದರೆ ಏಣಿಗೆ, ತಾಗದಿರಲಿ. ಹಾರುವ ಸ್ನಾಯು ಅಂಟಿರುವುದು ಆ ಏಣಿಗೆ. ದ್ವೀಪದಲ್ಲಿ ಹಾರುವುದನ್ನು ಬಿಟ್ಟ ಹಕ್ಕಿಗಳಲ್ಲಿ ಕುಗ್ಗುವುದೂ ಅದೇ. ಅಲ್ಲಿ ಬಿದ್ದ ಒಂದು ಗೀರು ಸಾಕ್ಷ್ಯವನ್ನೇ ಕೆಡಿಸುತ್ತದೆ.

ಎಡ ರೆಕ್ಕೆ, ಬಲ ರೆಕ್ಕೆ, ಎಡಗಾಲು, ಬಲಗಾಲು, ತಲೆ, ಮುಂಡ ಎಂದು ಆರು ಭಾಗ ಮಾಡಿ, ಒಂದೊಂದನ್ನೂ ಸೊಳ್ಳೆಪರದೆ ಬಟ್ಟೆಯ ಚೀಲದಲ್ಲಿ ಕಟ್ಟಿ. ಬೆರಳಿನ ಎಲುಬು ಬಹಳ ಸಣ್ಣವಿರುತ್ತವೆ. ಒಮ್ಮೆ ಬೆರೆತರೆ ಬೇರ್ಪಡಿಸುವುದು ಬಹಳ ಕಷ್ಟ. ಐದು ಲೀಟರ್ ಬಕೆಟ್ಟಿನಲ್ಲಿ ಚೀಲಗಳು ಮುಳುಗುವಷ್ಟು ನೀರು ಹಾಕಿ, ಮುಚ್ಚಳವನ್ನು ಸಡಿಲವಾಗಿ ಇಟ್ಟು ಮನೆಯಿಂದ ದೂರ ಇಡಿ. ನಾಲ್ಕು ದಿನಕ್ಕೊಮ್ಮೆ ಅರ್ಧ ನೀರನ್ನು ಮಾತ್ರ ಬದಲಿಸಿ. ಮಾಂಸ ಬಿಡಿಸುವುದು ಆ ನೀರಿನ ಬ್ಯಾಕ್ಟೀರಿಯಾ, ಪೂರ್ತಿ ಚೆಲ್ಲಿದರೆ ಕೆಲಸ ಮೊದಲಿನಿಂದ. ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ಎರಡು ಮೂರು ವಾರ ಸಾಕು, ಬೆಳಗಾವಿಯ ಮಳೆಗಾಲದಲ್ಲಿ ಅದರ ಎರಡರಷ್ಟು ಹಿಡಿಯಬಹುದು. ನೀರನ್ನು ಚಹಾ ಸೋಸುವ ಜರಡಿಯ ಮೂಲಕವೇ ಚೆಲ್ಲಿ.

ಬೇಗ ಆಗಲಿ ಎಂದು ಕುದಿಸಬೇಡಿ. ಕುದಿಸಿದರೆ ಕೊಬ್ಬು ಎಲುಬಿನೊಳಗೆ ಇಳಿದು ಮುಂದೆ ಹಳದಿಯಾಗಿ ಜಿನುಗುತ್ತದೆ, ತೆಳುವಾದ ಸೊಂಟದ ಎಲುಬು ಸೊಟ್ಟಗಾಗಬಹುದು. ಬ್ಲೀಚಿಂಗ್ ಪೌಡರ್ ಅದಕ್ಕಿಂತ ಕೆಟ್ಟದ್ದು, ಅದು ಎಲುಬಿನ ಮೈಯನ್ನೇ ತಿನ್ನುತ್ತದೆ. ಸ್ನಾಯು ಅಂಟಿದ ಗುರುತುಗಳು ಮಾಸುತ್ತವೆ. ನಾವು ಓದಬೇಕಾದದ್ದು ಆ ಗುರುತುಗಳನ್ನೇ.

ಕೊಬ್ಬು ತೆಗೆಯಲು ಒಂದು ಲೀಟರ್ ನೀರಿಗೆ ಎರಡು ಚಮಚ ಪಾತ್ರೆ ತೊಳೆಯುವ ದ್ರವ ಹಾಕಿ ಒಂದು ವಾರ ನೆನೆಸಿ, ನಡುವೆ ಎರಡು ಸಲ ನೀರು ಬದಲಿಸಿ. ಮೇಲ್ತೋಳಿನ ಎಲುಬು ತೇಲಿದರೆ ಗಾಬರಿ ಬೇಡ. ಅದು ಟೊಳ್ಳು, ಭುಜದ ತುದಿಯ ಕೆಳಗೆ ಗಾಳಿ ಹೋಗುವ ರಂಧ್ರವಿದೆ. ರಂಧ್ರ ಮೇಲೆ ಮಾಡಿ ಮುಳುಗಿಸಿ ಹಿಡಿದರೆ ಗುಳ್ಳೆ ಬಂದು ಒಳಗೂ ನೀರು ಹೋಗುತ್ತದೆ. ಬೋರಿನ ಸವಳು ನೀರು ಎಲುಬಿನ ಮೇಲೆ ಬಿಳಿ ಪೊರೆ ಬಿಡುತ್ತದೆ, ಆದ್ದರಿಂದ ಕೊನೆಯ ತೊಳೆತಕ್ಕೆ ಶುದ್ಧ ನೀರಿನ ಘಟಕದ ನೀರು ಬಳಸಿ. ನೆರಳಿನಲ್ಲೇ ಒಣಗಿಸಿ, ಬಿಸಿಲಿಗೆ ಎಲುಬು ಸೀಳುತ್ತದೆ. ಇರುವೆ ಬಾರದಂತೆ ತಟ್ಟೆಯನ್ನು ನೀರಿನ ಬಟ್ಟಲ ನಡುವೆ ಇಡಿ. ಪ್ರತಿ ಎಲುಬಿನ ಮೇಲೂ ಇಂಡಿಯನ್ ಇಂಕಿನಿಂದ ಒಂದೇ ಸಂಖ್ಯೆ ಬರೆಯಿರಿ, ಬಾಲ್‌ಪೆನ್ ಮಾಸಿಹೋಗುತ್ತದೆ.

ಈಗ ಓದು. ಪಾರಿವಾಳದ ಮೇಲ್ತೋಳು ಗಿಡ್ಡ, ದಪ್ಪ. ಮೇಲ್ತುದಿಯ ಹತ್ತಿರ ತ್ರಿಕೋನದಂತೆ ಚಾಚಿದ ಏಣಿದೆ. ಮುಂದೋಳಿನ ದಪ್ಪ ಎಲುಬು ಅದಕ್ಕಿಂತ ಉದ್ದ. ಕ್ಯಾಲಿಪರ್‌ನಿಂದ ಒಂದೊಂದನ್ನೂ ಮೂರು ಸಲ ಅಳೆದು ಸರಾಸರಿ ಬರೆಯಿರಿ: ಮೇಲ್ತೋಳು, ಮುಂದೋಳು, ತೊಡೆ, ಮೊಣಕಾಲ ಕೆಳಗಿನ ಎಲುಬು, ಎದೆಯ ಏಣಿನ ಎತ್ತರ. ಬರೀ ಉದ್ದ ಗಾತ್ರವನ್ನು ಹೇಳುತ್ತದೆ, ಹಾರಾಟದ ಸುಳಿವು ಸಿಗುವುದು ರೆಕ್ಕೆಯನ್ನು ಕಾಲಿನಿಂದ ಭಾಗಿಸಿದಾಗ. ಮಾರಿಷಸ್‌ನ, ಹಾರಲಾರದ, ಅಳಿದುಹೋದ ಡೋಡೊ ಪಾರಿವಾಳದ ಬಳಗದ್ದೇ. ಅದರ ಕಾಲು ಬಲಿತು ರೆಕ್ಕೆ ಕುಗ್ಗಿದ್ದನ್ನು ಅದರ ಎಲುಬುಗಳ ಚಿತ್ರಗಳಲ್ಲೂ ಅಳೆಯಬಹುದು.

ಮಣಿಕಟ್ಟಿನ ಎಲುಬನ್ನು ಕೊನೆಗೆ ಕೈಯಲ್ಲಿ ಹಿಡಿದು ಸವರಿ ನೋಡಿ: ನಯವಾಗಿರುತ್ತದೆ. ಹಿಂದೂ ಮಹಾಸಾಗರದ ರೋಡ್ರಿಗಸ್ ದ್ವೀಪದಲ್ಲಿದ್ದ, ಡೋಡೊದ ಹತ್ತಿರದ ನೆಂಟನಾದ ಸಾಲಿಟೇರ್ ಎಂಬ ಹಕ್ಕಿಯಲ್ಲಿ ಅಲ್ಲೇ ಒಂದು ಎಲುಬಿನ ಗುಬುಟಿತ್ತು. 1691ರಿಂದ 1693ರವರೆಗೆ ಆ ದ್ವೀಪದಲ್ಲಿದ್ದ ಫ್ರೆಂಚ್ ಪ್ರವಾಸಿ ಫ್ರಾಂಸ್ವಾ ಲೆಗಾ ಅದರ ರೆಕ್ಕೆಯಲ್ಲಿ ಬಂದೂಕಿನ ಗುಂಡಿನಷ್ಟು ದಪ್ಪದ ಗುಬುಟನ್ನು ಕಂಡಿದ್ದೆ ಎಂದು ಬರೆದಿದ್ದ. 1860ರ ದಶಕದಲ್ಲಿ ಸಿಕ್ಕ ಎಲುಬುಗಳು ಅವನ ಮಾತನ್ನು ನಿಜ ಮಾಡಿದವು.