ಕೂಲರ್, ಕೀಲಿ, ನುಸಿಗುಳಿಗೆ: ದೊಡ್ಡ ಗ್ರಂಥಾಲಯದ ಸುರಕ್ಷತೆ ಕಾಯುವುದು ಹೇಗೆ?

ಏಪ್ರಿಲ್ ಬಂತೆಂದರೆ ಕಲಬುರಗಿಯಲ್ಲಿ ಗ್ರಂಥಾಲಯದ ಓದುಕೋಣೆ ಬೆಳಿಗ್ಗೆಯೇ ತುಂಬಿಬಿಡುತ್ತದೆ. ಪಿಡಿಒ, ಪಿಎಸ್‌ಐ, ಕೆಎಎಸ್ ಎಂದು ಓದುವ ಹುಡುಗ ಹುಡುಗಿಯರಿಗೆ ತಗಡಿನ ಕೆಳಗಿನ ಬಾಡಿಗೆ ಕೋಣೆಗಿಂತ ಇಲ್ಲಿನ ಕೂಲರ್ ಗಾಳಿ ಎಷ್ಟೋ ವಾಸಿ. ಆದರೆ ಓದುಗರಿಗೆ ಹಿತವಾದ ಅದೇ ತೇವದ ಗಾಳಿ ಪಕ್ಕದ ರ‍್ಯಾಕಿನ ಪುಸ್ತಕಕ್ಕೆ ಬೂಷ್ಟು ಹಿಡಿಸುತ್ತದೆ. ಹಿಂಬಾಗಿಲಿಗೆ ಜಡಿದ ಕೀಲಿ ಪುಸ್ತಕ ಕಳುವಾಗದಂತೆ ಕಾಯುತ್ತದೆ. ಬೆಂಕಿ ಬಿದ್ದ ದಿನ ಜನರನ್ನು ಒಳಗೇ ಕೂಡಿಹಾಕುತ್ತದೆ. ನುಸಿಗುಳಿಗೆ ಹುಳುವನ್ನು ದೂರವಿಡುತ್ತದೆ, ದಿನವಿಡೀ ಅಲ್ಲೇ ಕೂರುವ ಸಹಾಯಕನ ತಲೆಯನ್ನೂ ನೋಯಿಸುತ್ತದೆ. ದೊಡ್ಡ ಗ್ರಂಥಾಲಯದಲ್ಲಿ ಸುರಕ್ಷತೆಯ ಕೆಲಸವೆಂದರೆ ಬಹುಪಾಲು ಪುಸ್ತಕ ಮತ್ತು ಮನುಷ್ಯರ ನಡುವಿನ ಈ ಜಗಳ ಬಿಡಿಸುವುದು. ಬಿಡಿಸಲಾಗದ ಕಡೆ ಮನುಷ್ಯರ ಪರ ನಿಲ್ಲಿ.

ಹೆಜ್ಜೆ 1: ಕೈಯಲ್ಲಿ ಹಾಳೆ ಹಿಡಿದು ಒಂದು ಸುತ್ತು

ತಿಂಗಳ ಮೊದಲ ವಾರ, ಬಾಗಿಲು ತೆರೆಯುವ ಅರ್ಧ ಗಂಟೆ ಮೊದಲು ಇಬ್ಬರು ಸುತ್ತಬೇಕು. ಒಬ್ಬರು ಗ್ರಂಥಪಾಲಕರು, ಇನ್ನೊಬ್ಬರು ಕಸ ಗುಡಿಸುವ ಅಥವಾ ರ‍್ಯಾಕ್ ಜೋಡಿಸುವ ಸಿಬ್ಬಂದಿ. ಎಲ್ಲಿ ಫರ್ಸಿ ಅಲುಗಾಡುತ್ತದೆ, ಯಾವ ಸ್ವಿಚ್ ಮುಟ್ಟಿದರೆ ಜುಮ್ ಎನ್ನುತ್ತದೆ ಎಂಬುದು ಎರಡನೆಯವರಿಗೇ ಗೊತ್ತಿರುತ್ತದೆ. ಕಟ್ಟಡದ ಕೈನಕ್ಷೆ ಬರೆದುಕೊಂಡು ತೊಂದರೆ ಕಂಡಲ್ಲಿ ಕೆಂಪು ಗುರುತು ಹಾಕಿ. ಪ್ರತಿ ಗುರುತಿನ ಪಕ್ಕದಲ್ಲಿ ಯಾರು, ಯಾವ ದಿನಾಂಕದೊಳಗೆ ಸರಿಪಡಿಸಬೇಕು ಎಂಬುದಿರಲಿ. ‘ಕ್ರಮ ಕೈಗೊಳ್ಳಲಾಗುವುದು’ ಎಂದು ಬರೆದರೆ ಆ ಕೆಲಸ ಆಗುವುದಿಲ್ಲ.

ನಮ್ಮ ಕಡೆಯ ಎರಡು ಸಂಗತಿ ವಿಶೇಷವಾಗಿ ನೋಡಬೇಕು. ಒಂದು, ಎರೆ ಮಣ್ಣು. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ಈ ನೆಲದ ಮೇಲಿನ ಕಟ್ಟಡದಲ್ಲಿ ಗೋಡೆಯ ಬುಡ ಸೀಳುವುದು ಮಾಮೂಲು. ಸೀಳಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ದಿನಾಂಕ ಬರೆಯಿರಿ. ಮುಂದಿನ ತಿಂಗಳು ಗೆರೆ ದಾಟಿ ಬೆಳೆದಿದ್ದರೆ ಎಂಜಿನಿಯರ್ ಕರೆಸಿ. ಸುಣ್ಣ ಬಳಿದು ಮುಚ್ಚಬೇಡಿ. ಇನ್ನೊಂದು, ಶಹಾಬಾದ್ ಕಲ್ಲಿನ ಫರ್ಸಿ. ಪಾಲಿಶ್ ಮಾಡಿದ ಫರ್ಸಿ ಒದ್ದೆಯಾದರೆ ಕಾಲು ನಿಲ್ಲುವುದಿಲ್ಲ. ನೆಲ ಒರೆಸುವುದು ಓದುಗರು ಬರುವ ಮೊದಲೇ ಮುಗಿಯಬೇಕು. ಮುಂಬಾಗಿಲಲ್ಲಿ ನಾಲ್ಕೈದು ಹೆಜ್ಜೆ ಉದ್ದದ ಒರಟು ಚಾಪೆ ಇರಬೇಕು.

ಹೆಜ್ಜೆ 2: ರ‍್ಯಾಕಿನ ಭಾರ ಲೆಕ್ಕ ಹಾಕಿ

ಒಂದು ಮೀಟರ್ ಉದ್ದ ಸಾಮಾನ್ಯ ಪುಸ್ತಕ ಜೋಡಿಸಿದರೆ ಸುಮಾರು 25ರಿಂದ 30 ಕಿಲೊ. ಏಳು ಹಲಗೆಯ, ಎರಡೂ ಮುಖದ ರ‍್ಯಾಕ್ ತುಂಬಿದರೆ 350 ಕಿಲೊ ದಾಟುತ್ತದೆ. ಹಾಗಾಗಿ ಗ್ರಂಥಾಲಯದ ದಾಸ್ತಾನು ಕೋಣೆಯ ನೆಲ ಚದರ ಮೀಟರಿಗೆ ಕನಿಷ್ಠ 6 ಕಿಲೊನ್ಯೂಟನ್, ಅಂದರೆ ಸುಮಾರು 600 ಕಿಲೊ ತಾಳಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಓದುಕೋಣೆಯ ನೆಲಕ್ಕೆ ಹಾಕುವ ಲೆಕ್ಕ ಇದರ ಅರ್ಧದಷ್ಟೇ. ಮೇಲಿನ ಮಹಡಿಯಲ್ಲಿ ಓದುಕೋಣೆಯೆಂದು ಕಟ್ಟಿದ್ದನ್ನು ಜಾಗ ಸಾಲದೆಂದು ದಾಸ್ತಾನು ಕೋಣೆ ಮಾಡುವ ರೂಢಿ ಇದೆ. ಎಂಜಿನಿಯರ್ ಒಪ್ಪಿಗೆಯಿಲ್ಲದೆ ಅದು ಬೇಡ.

ರ‍್ಯಾಕ್ ತುಂಬುವಾಗ ಕೆಳಗಿನಿಂದ ತುಂಬಿ, ಖಾಲಿ ಮಾಡುವಾಗ ಮೇಲಿನಿಂದ ಇಳಿಸಿ. ಇದನ್ನು ತಿರುವುಮುರುವು ಮಾಡಿದಾಗಲೇ ರ‍್ಯಾಕ್ ಮಗುಚುವುದು. ಸಾಲು ರ‍್ಯಾಕ್‌ಗಳ ತಲೆಗಳನ್ನು ಆ್ಯಂಗಲ್ ಪಟ್ಟಿಯಿಂದ ಒಂದಕ್ಕೊಂದು ಬೋಲ್ಟ್ ಮಾಡಿ, ತುದಿಯದನ್ನು ಗೋಡೆಗೆ ಬಿಗಿಸಿ. ‘ಇಲ್ಲೇನು ಭೂಕಂಪವೇ?’ ಎನ್ನುವವರು 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪವನ್ನು ನೆನೆಯಲಿ. ಮಹಾರಾಷ್ಟ್ರದ ಆ ಊರು ಬೀದರ್, ಕಲಬುರಗಿಯ ಗಡಿಯಾಚೆಗೇ ಇದೆ. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದ ಜನ ಮೇಲಿಂದ ಮೇಲೆ ನೆಲ ನಡುಗಿ ಹೊರಗೇ ಮಲಗಿದ್ದರು. ನೆಲ ಮೆಲ್ಲಗೆ ನಡುಗಿದರೂ ಬೋಲ್ಟ್ ಇಲ್ಲದ ರ‍್ಯಾಕ್ ಪಕ್ಕದ್ದರ ಮೇಲೆ ಬೀಳುತ್ತದೆ, ಅದು ಇನ್ನೊಂದರ ಮೇಲೆ.

ದಿನಪತ್ರಿಕೆಯ ಬೈಂಡ್ ಸಂಪುಟಗಳು ಮೊಣಕಾಲಿಗೂ ಸೊಂಟಕ್ಕೂ ನಡುವಿನ ಹಲಗೆಯಲ್ಲೇ ಇರಲಿ, ಅಡ್ಡ ಮಲಗಿಸಿ. ಕಟ್ಟು ಕಟ್ಟುವಾಗ 10–12 ಕಿಲೊ ಮೀರಬೇಡಿ. ಮೇಲಿನ ಹಲಗೆಗೆ ಪ್ಲಾಸ್ಟಿಕ್ ಕುರ್ಚಿ ಹತ್ತುವುದನ್ನು ಇಂದೇ ನಿಲ್ಲಿಸಿ; ಮೂರು ಮೆಟ್ಟಿಲಿನ, ಹಿಡಿಕೆಯಿರುವ ಸ್ಟೂಲ್ ಮಹಡಿಗೊಂದು ಕೊಳ್ಳಿ.

ಹೆಜ್ಜೆ 3: ಕೂಲರ್

ಬೇಸಿಗೆಯ ನಿಜವಾದ ಅಪಾಯ ಇಲ್ಲಿದೆ. ಕಬ್ಬಿಣದ ಮೈ, ಒಳಗೆ ನೀರು, ನೀರಿನಲ್ಲಿ ಮುಳುಗಿದ ಪಂಪು. ಪಂಪಿನ ಸೀಲ್ ಸವೆದರೆ ನೀರಿಗೆ ಕರೆಂಟ್ ಇಳಿಯುತ್ತದೆ, ನೀರಿನಿಂದ ಮೈಗೆ. ಬರಿಗಾಲಲ್ಲಿ, ಒದ್ದೆ ಫರ್ಸಿಯ ಮೇಲೆ ನಿಂತು ಬಕೆಟ್‌ನಲ್ಲಿ ನೀರು ತುಂಬುವ ಸಿಬ್ಬಂದಿ ಅದಕ್ಕೆ ಮೊದಲು ಸಿಗುತ್ತಾರೆ.

ಮಾರ್ಚ್ ಮೊದಲ ವಾರದಲ್ಲೇ ಪ್ರತಿ ಕೂಲರ್ ಬಿಚ್ಚಿಸಿ. ಮೂರು ಪಿನ್ನಿನ ಪ್ಲಗ್ ಇದೆಯೇ, ಹಸಿರು ತಂತಿ ನಿಜಕ್ಕೂ ಮೈಗೆ ಜೋಡಿಸಿದೆಯೇ ಎಂದು ಕಣ್ಣಿಂದ ನೋಡಿ. ಎಷ್ಟೋ ಕಡೆ ಆ ತಂತಿಯನ್ನು ಕತ್ತರಿಸಿ ಒಳಗೆ ಮಡಚಿಟ್ಟಿರುತ್ತಾರೆ. ಕೂಲರ್‌ಗಳ ಲೈನಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದೊಡನೆ ತಾನೇ ಬೀಳುವ ಸ್ವಿಚ್) ಹಾಕಿಸಿ. ಎಂಸಿಬಿ (ಲೋಡ್ ಹೆಚ್ಚಾದರೆ ಬೀಳುವ ಸ್ವಿಚ್) ಇದೆಯಲ್ಲ ಎಂದು ಸುಮ್ಮನಾಗಬೇಡಿ. ಎಂಸಿಬಿ ತಂತಿಯನ್ನು ಕಾಯುತ್ತದೆ, ಆರ್‌ಸಿಸಿಬಿ ಮನುಷ್ಯನನ್ನು ಕಾಯುತ್ತದೆ. ಅದರ ಮೇಲಿನ ‘ಟಿ’ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ, ಬೀಳದಿದ್ದರೆ ಕೆಟ್ಟಿದೆ. ಪದೇ ಪದೇ ಬೀಳುತ್ತದೆಂದು ಎಲೆಕ್ಟ್ರಿಷಿಯನ್ ಅದನ್ನು ತಪ್ಪಿಸಿ ನೇರ ತಂತಿ ಕೊಟ್ಟರೆ ಆ ಕೂಲರನ್ನು ಅಂದೇ ಬಂದ್ ಮಾಡಿ. ಬೀಳುವುದಕ್ಕೆ ಕಾರಣ ಕೂಲರಿನಲ್ಲೇ ಇದೆ. ಅರ್ಥಿಂಗ್ ಗುಂಡಿಯ ಸುತ್ತಲಿನ ಎರೆ ಮಣ್ಣು ಏಪ್ರಿಲ್‌ನಲ್ಲಿ ಬಿರಿದು ಕೊಳವೆಯಿಂದ ದೂರ ಸರಿಯುತ್ತದೆ. ವಾರಕ್ಕೆ ಎರಡು ಸಲ ಅದಕ್ಕೂ ಎರಡು ಕೊಡ ನೀರು ಹೊಯ್ಯಿರಿ.

ನೀರು ತುಂಬುವ ಮೊದಲು ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕೀಳಬೇಕು. ಪಂಪ್ ಕೆಟ್ಟು ಹುಲ್ಲು ಒಣಗಿದ ಕೂಲರನ್ನು ಬರೀ ಫ್ಯಾನಿಗಾಗಿ ಓಡಿಸುವುದೂ ಬೇಡ. ಮೋಟರ್ ಬಿಸಿಯಾಗಿ ಕಿಡಿ ಹಾರಿದರೆ ಒಣ ಹುಲ್ಲು ಹೊತ್ತಿಕೊಳ್ಳಲು ಕ್ಷಣ ಸಾಕು. ವಾರಕ್ಕೊಮ್ಮೆ ತೊಟ್ಟಿಯ ನೀರು ಪೂರ್ತಿ ಚೆಲ್ಲಿ, ಒಳಗೋಡೆ ಉಜ್ಜಿ, ಒಂದು ದಿನ ಒಣಗಲು ಬಿಡಿ. ಡೆಂಗಿ ಸೊಳ್ಳೆಯ ಮೊಟ್ಟೆ ತೊಟ್ಟಿಯ ಗೋಡೆಗೇ ಅಂಟಿರುತ್ತದೆ. ಉಜ್ಜದೆ ನೀರಷ್ಟೇ ಬದಲಿಸಿದರೆ ಮತ್ತೆ ಮರಿಯಾಗುತ್ತದೆ.

ಈಗ ಪುಸ್ತಕದ ಪಾಲು. ಕೂಲರ್ ಕಿಟಕಿಯಲ್ಲಿ ಕೂತು ಹೊರಗಿನ ಒಣ ಗಾಳಿ ಎಳೆಯಬೇಕು, ಎದುರಿನ ಕಿಟಕಿ ತೆರೆದಿರಬೇಕು. ಎಲ್ಲ ಮುಚ್ಚಿ ಓಡಿಸಿದರೆ ತಂಪಾಗುವುದಿಲ್ಲ, ಕೋಣೆ ಬೆವರುತ್ತದೆ. ಗಾಳಿ ಮೇಜಿನ ಕಡೆ ಹೋಗಲಿ, ರ‍್ಯಾಕಿನ ಕಡೆ ಬೇಡ. ಪುಸ್ತಕದ ಕೋಣೆಗೂ ಓದುಕೋಣೆಗೂ ನಡುವಿನ ಬಾಗಿಲು ಮುಚ್ಚಿರಲಿ. ಗೋಡೆಗೊಂದು ತೇವಮಾಪಕ ತೂಗುಹಾಕಿ ದಿನಕ್ಕೆರಡು ಸಲ ಬರೆಯಿರಿ. ಪುಸ್ತಕಕ್ಕೆ ಶೇ 45ರಿಂದ 60 ಸರಿ. 65 ದಾಟಿತೋ, ಬೂಷ್ಟಿಗೆ ಆಹ್ವಾನ. ಜೂನ್‌ನಲ್ಲಿ ಮೋಡ ಕಟ್ಟಿದ ಮೇಲೆ ಕೂಲರ್ ಹೇಗೂ ತಂಪು ಮಾಡುವುದಿಲ್ಲ, ಪಂಪ್ ಆರಿಸಿ.

ಹೆಜ್ಜೆ 4: ಧಗೆಯಲ್ಲಿ ದುಡಿಯುವವರು

ಏಪ್ರಿಲ್, ಮೇನಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ಸಮಯ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುವುದು ಸುಮ್ಮನೆ ಅಲ್ಲ. ಮಾಳಿಗೆಯ ಕೆಳಗಿನ ಕೊನೆಯ ಮಹಡಿಯ ಕೆಲಸ, ಅಂದರೆ ರ‍್ಯಾಕ್ ಸರಿಸುವುದು, ದಾಸ್ತಾನು ಎಣಿಕೆ, 11 ಗಂಟೆಯೊಳಗೆ ಮುಗಿಯಲಿ. ಭಾರ ಎತ್ತುವವರು 20 ನಿಮಿಷಕ್ಕೊಂದು ಲೋಟ ನೀರು ಕುಡಿಯಬೇಕು, ಬಾಯಾರಿಕೆಗೆ ಕಾಯಬಾರದು. ಯಾರಾದರೂ ತಡವರಿಸಿ ಮಾತಾಡಿದರೆ, ಮೈ ಕಾದು ಬೆವರು ನಿಂತಿದ್ದರೆ 108ಕ್ಕೆ ಕರೆ ಮಾಡಿ. ಗಾಡಿ ಬರುವವರೆಗೆ ಮೈಮೇಲೆ ನೀರು ಸುರಿದು ಗಾಳಿ ಬೀಸಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಹೆಜ್ಜೆ 5: ದೂಳು, ಹುಳು, ಬೂಷ್ಟು

ಬಟ್ಟೆಯಿಂದ ಪಟಪಟ ಹೊಡೆದರೆ ದೂಳು ಹೋಗುವುದಿಲ್ಲ, ಮೂಗಿಗೆ ಬರುತ್ತದೆ. ಅತಿ ಸಣ್ಣ ದೂಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್, ಅದಿಲ್ಲದಿದ್ದರೆ ಮೈಕ್ರೊಫೈಬರ್ ಬಟ್ಟೆ. ಒರೆಸುವಾಗ ಎನ್95 ಮುಖಗವಸು ಕಡ್ಡಾಯ, ಕರ್ಚೀಫು ಲೆಕ್ಕಕ್ಕಿಲ್ಲ. ದಶಕಗಳಿಂದ ಕೈ ಮುಟ್ಟದ ರ‍್ಯಾಕಿನ ಹಿಂದೆ ಬಿಳಿ ಪುಡಿ ಕಂಡರೆ ಗುಡಿಸಬೇಡಿ. ಹಿಂದೆ ಡಿಡಿಟಿ, ಗಮೆಕ್ಸಿನ್ ಎಂಬ ಕೀಟವಿಷದ ಪುಡಿ ಉದುರಿಸುವ ರೂಢಿಯಿತ್ತು. ಕೈಗವಸು ಹಾಕಿ ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆ ಸಮೇತ ಚೀಲಕ್ಕೆ ಹಾಕಿ ಕಟ್ಟಿ.

ನುಸಿಗುಳಿಗೆ ಒರಲೆಯನ್ನಾಗಲಿ ಬೂಷ್ಟನ್ನಾಗಲಿ ತಡೆಯುವುದಿಲ್ಲ. ಅದರ ಹೊಗೆ ಜನ ಕೂರುವ ಕೋಣೆಗೆ ಬೇಡವೇ ಬೇಡ. ಹುಳು ಬಿದ್ದ ಪುಸ್ತಕಕ್ಕೆ ಡೀಪ್ ಫ್ರೀಜರ್ ಒಳ್ಳೆಯದು: ಪಾಲಿಥಿನ್ ಚೀಲದಲ್ಲಿ ಗಾಳಿ ತೆಗೆದು ಟೇಪ್ ಹಚ್ಚಿ, ಮೈನಸ್ 18ರಿಂದ 20 ಡಿಗ್ರಿಯಲ್ಲಿ ಎರಡು ವಾರ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಬಿಚ್ಚಿದರೆ ತಣ್ಣನೆಯ ಹಾಳೆಯ ಮೇಲೆ ನೀರು ಕೂರುತ್ತದೆ. ಒರಲೆ ಬರುವುದು ನೆಲದ ಬಿರುಕಿನಿಂದ. ರ‍್ಯಾಕಿನ ಕೊನೆಯ ಹಲಗೆ ನೆಲದಿಂದ 15 ಸೆಂ.ಮೀ. ಮೇಲಿರಲಿ, ರ‍್ಯಾಕಿಗೂ ಗೋಡೆಗೂ ನಡುವೆ ಒರಲೆ ಕಟ್ಟುವ ಮಣ್ಣಿನ ಗೆರೆ ಕಾಣುವಷ್ಟು ಸಂದು ಇರಲಿ.

ಒಂದು ಎಚ್ಚರಿಕೆ. ಗೋದಾಮಿನಲ್ಲಿ ತೊಗರಿ, ಜೋಳಕ್ಕೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ನಮ್ಮ ಕಡೆ ಎಲ್ಲರಿಗೂ ಪರಿಚಿತ. ‘ನಾಲ್ಕು ಗುಳಿಗೆ ಇಟ್ಟರೆ ಆಯ್ತು’ ಎಂದು ಯಾರೋ ತಂದೇ ತರುತ್ತಾರೆ. ಗಾಳಿಯ ತೇವ ತಗುಲಿದರೆ ಅದು ಫಾಸ್ಫೀನ್ ಬಿಡುತ್ತದೆ. ಆ ಅನಿಲ ಗೋಡೆಯ ಸೀಳಿನಿಂದ ಪಕ್ಕದ ಕೋಣೆಗೆ ನುಸುಳಿ ಮನುಷ್ಯರನ್ನು ಕೊಲ್ಲುತ್ತದೆ. ಪರವಾನಗಿ ಇರುವವರ ಹೊರತು ಯಾರೂ ಅದನ್ನು ಮುಟ್ಟಬಾರದು.

ಹೆಜ್ಜೆ 6: ಮಳೆಗೆ ಮುಂಚೆ

ಮೇ ಕೊನೆಗೆ ಮಾಳಿಗೆಯ ನೀರಿನ ಕೊಳವೆಗಳಿಂದ ಬೇವಿನ ಎಲೆ ಕಸ ತೆಗೆಸಿ, ಒಂದು ಬಕೆಟ್ ನೀರು ಸುರಿದು ಸರಾಗ ಇಳಿಯುತ್ತದೆಯೇ ನೋಡಿ. ಸೋರುವ ಜಾಗದ ಕೆಳಗಿನ ರ‍್ಯಾಕ್ ಸರಿಸಿ; ಸರಿಸಲಾಗದಿದ್ದರೆ ದಪ್ಪ ಪ್ಲಾಸ್ಟಿಕ್ ಹೊದಿಕೆ ಸುತ್ತಿ ಅಲ್ಲೇ ಕಟ್ಟಿಡಿ, ರಾತ್ರಿ ಮಳೆ ಬಂದರೆ ಕಾವಲುಗಾರ ಬಿಚ್ಚಿ ಹೊದಿಸಬಹುದು. ಪುಸ್ತಕ ನೆನೆದರೆ 48 ಗಂಟೆಯಲ್ಲಿ ಬೂಷ್ಟು ಏಳುತ್ತದೆ. ಬಿಸಿಲಿಗೆ ಹಾಕಬೇಡಿ, ರಟ್ಟು ಸೊಟ್ಟಗಾಗುತ್ತದೆ. ನೆರಳಲ್ಲಿ ಫ್ಯಾನಿನ ಗಾಳಿಗೆ ನಿಲ್ಲಿಸಿ. ನುಣುಪು ಹಾಳೆಯ ಮ್ಯಾಗಜಿನ್ ಒಣಗುವ ಮೊದಲೇ ಹಾಳೆ ಹಾಳೆಯ ನಡುವೆ ಮೇಣದ ಕಾಗದ ಇಡದಿದ್ದರೆ ಇಟ್ಟಿಗೆಯಂತೆ ಅಂಟಿಕೊಳ್ಳುತ್ತದೆ.

ಕುಡಿಯುವ ನೀರಿನ ತೊಟ್ಟಿಗೆ ಸಾವಿರ ಲೀಟರಿಗೆ 2.5 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿ, ತಿಳಿಯನ್ನಷ್ಟೇ ಸುರಿದು ಒಂದು ಗಂಟೆ ಬಿಡಿ. ನಳದಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಶೌಚಾಲಯದಲ್ಲಿ ಆ್ಯಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಒಟ್ಟಿಗೆ ಬಳಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ಎರಡನ್ನೂ ಬೇರೆ ಬೇರೆ ಕಪಾಟಿನಲ್ಲಿಡಿ.

ಹೆಜ್ಜೆ 7: ಬೆಂಕಿ ಮತ್ತು ಬಾಗಿಲು

ಬೀದರಿನಲ್ಲಿ ಮಹಮೂದ್ ಗಾವಾನ್ 1472ರಲ್ಲಿ ಕಟ್ಟಿಸಿದ ಮದರಸಾಕ್ಕೆ ಸಾವಿರಾರು ಗ್ರಂಥಗಳ ಭಂಡಾರವಿತ್ತು. ಮುಂದೆ ಔರಂಗಜೇಬನ ಕಾಲದಲ್ಲಿ ಆ ಕಟ್ಟಡದೊಳಗೆ ತುಂಬಿಟ್ಟಿದ್ದ ಮದ್ದು ಸಿಡಿದು ಮುಂಭಾಗದ ಒಂದು ಭಾಗವೇ ಕುಸಿಯಿತು. ಇಂದಿಗೂ ಹೋಗಿ ನೋಡಬಹುದು. ಈಗ ಗ್ರಂಥಾಲಯಗಳಲ್ಲಿ ಮದ್ದು ಇಡುವುದಿಲ್ಲ, ನಿಜ. ಬದಲಿಗೆ ಮೆಟ್ಟಿಲ ಕೆಳಗೆ ಥಿನ್ನರ್ ಡಬ್ಬ, ಸ್ಯಾನಿಟೈಸರ್ ಕ್ಯಾನ್, ರದ್ದಿ ಕಟ್ಟು, ಪಕ್ಕದಲ್ಲೇ ಇನ್ವರ್ಟರ್ ಬ್ಯಾಟರಿ ಇರುತ್ತವೆ. ಚಾರ್ಜ್ ಆಗುವ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ. ಬ್ಯಾಟರಿಗೆ ಗಾಳಿಯಾಡುವ ಬೇರೆ ಜಾಗ ಕೊಡಿ, ಮೆಟ್ಟಿಲ ಕೆಳಗೆ ಏನೂ ಇರಬಾರದು.

ಎಲ್ಲಿ ನಿಂತರೂ 15 ಮೀಟರ್ ನಡೆದರೆ ಒಂದು ಅಗ್ನಿಶಾಮಕ ಸಿಲಿಂಡರ್ ಸಿಗಬೇಕು. ಎಬಿಸಿ ಎಂಬ ಸಿಲಿಂಡರಿನ ಪುಡಿ ಉರಿ ನಂದಿಸುತ್ತದೆ, ಆದರೆ ಕಾಗದದ ರಾಶಿಯೊಳಗಿನ ಕೆಂಡ ತಣಿಸುವುದಿಲ್ಲ. ಕರೆಂಟ್ ಬಂದ್ ಮಾಡಿ ನೀರು ಹಾಕದಿದ್ದರೆ ಮತ್ತೆ ಹೊತ್ತುತ್ತದೆ. ವಿದ್ಯುತ್ ಪ್ಯಾನಲ್ ಬಳಿ ಸಿಒ2 (ಇಂಗಾಲದ ಡೈಆಕ್ಸೈಡ್) ಸಿಲಿಂಡರ್ ಇರಲಿ. ಎಬಿಸಿಯ ಒತ್ತಡ ತೋರಿಸುವ ಮುಳ್ಳು ಹಸಿರಿನಲ್ಲಿದೆಯೇ ಎಂದು ತಿಂಗಳಿಗೊಮ್ಮೆ ನೋಡಿ. ಸಿಒ2 ಸಿಲಿಂಡರಿಗೆ ಮುಳ್ಳು ಇರುವುದಿಲ್ಲ, ತೂಗಬೇಕು. ಅನಿಲದ ತೂಕ ಶೇ 10 ಇಳಿದಿದ್ದರೆ ತುಂಬಿಸಿ.

ಇನ್ನು ಹಿಂಬಾಗಿಲಿನ ಕೀಲಿ. ಕಳ್ಳತನದ ಭಯವಿದ್ದರೆ ಒಳಗಿನಿಂದ ತಳ್ಳಿದರೆ ತೆರೆಯುವ, ತೆರೆದೊಡನೆ ಕೂಗುವ ಪಟ್ಟಿಬಾಗಿಲು ಹಾಕಿಸಿ. ಕೀಲಿಕೈ ಗಾಜಿನ ಪೆಟ್ಟಿಗೆಯಲ್ಲಿಡುವುದು ಎರಡನೇ ದರ್ಜೆಯ ಉಪಾಯ, ಹೊಗೆಯಲ್ಲಿ ಯಾರಿಗೂ ಕಾಣುವುದಿಲ್ಲ. ಬಾಗಿಲಿನ ಹೊರಗೆ ಬೈಕ್ ನಿಲ್ಲದಂತೆ ಎರಡು ಕಬ್ಬಿಣದ ಗೂಟ ನೆಡಿಸಿ. ಬೋರ್ಡಿಗೆ ಯಾರೂ ಬೆಲೆ ಕೊಡುವುದಿಲ್ಲ.

ಹೆಜ್ಜೆ 8: ತಾಲೀಮು

ವರ್ಷಕ್ಕೆ ಎರಡು ಸಲ, ಒಂದು ಸಲವಾದರೂ ಓದುಕೋಣೆ ತುಂಬಿರುವಾಗಲೇ, ಗಂಟೆ ಬಾರಿಸಿ ಎಲ್ಲರನ್ನೂ ಹೊರಗೆ ಕಳಿಸಿ. 101 ಅಥವಾ 112ಕ್ಕೆ ಕರೆ ಮಾಡುವವರು ಒಬ್ಬರು, ಮೇನ್ ಸ್ವಿಚ್ ಇಳಿಸುವವರು ಒಬ್ಬರು, ಶೌಚಾಲಯ ನೋಡುವವರು ಒಬ್ಬರು, ಗಾಲಿಕುರ್ಚಿಯವರ ಜೊತೆ ಇಬ್ಬರು. ಹೆಸರುಗಳನ್ನು ಪಾಳಿವಾರು ಗೋಡೆಗೆ ಅಂಟಿಸಿ, ಗುತ್ತಿಗೆ ಸಿಬ್ಬಂದಿಯ ಹೆಸರೂ ಇರಲಿ. ಗೇಟಿನ ಹೊರಗಿನ ಮರದ ಕೆಳಗೆ ತಲೆ ಎಣಿಸಿ, ಕೊನೆಯವರು ಬಂದ ಸಮಯ ರಿಜಿಸ್ಟರಿನಲ್ಲಿ ಬರೆಯಿರಿ. ತಡವಾಗುವುದು ಸಾಮಾನ್ಯವಾಗಿ ಒಳಗಿನ ಮೂಲೆಯ ಮೇಜಿನಿಂದ. ಅಲ್ಲಿ ಕೂತವರ ಕಿವಿಯಲ್ಲಿ ಇಯರ್‌ಫೋನ್ ಇರುತ್ತದೆ, ಗಂಟೆ ಕೇಳಿಸುವುದಿಲ್ಲ. ಯಾರಾದರೂ ಹೋಗಿ ಭುಜ ತಟ್ಟಿಯೇ ಎಬ್ಬಿಸಬೇಕು. ಆ ಹೆಸರೂ ಪಟ್ಟಿಯಲ್ಲಿರಲಿ.